ನೀರಿನ ಜಾಡು ಹಿಡಿದವರು

ಮರುಭೂಮಿ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ. ಕಣ್ಣು ಹಾಯುವವರೆಗೂ ಮರಳು, ನೆತ್ತಿಯನ್ನು ಸುಡುವ ಬಿಸಿಲು, ಸಾಲುಗಟ್ಟಿ ಸಾಗುವ ಒಂಟೆಗಳು. ಅಲ್ಲಿ ಎಂದೂ ಮಳೆ ಬಿದ್ದಿರಲಾರದು, ಎಂದೂ ಹುಲ್ಲು ಚಿಗುರಿರಲಾರದು, ಸೃಷ್ಟಿಯ ದಿನದಿಂದಲೂ ಆ ನೆಲ ಹೀಗೆಯೇ ಬರಡಾಗಿ ಬಿದ್ದಿರಬೇಕು ಎಂಬ ಭಾವನೆ ಬಹುಮಂದಿಯಲ್ಲಿ ಬೇರೂರಿದೆ. ಆದರೆ ನೆಲವೆಂಬುದು ಅಷ್ಟು ಸ್ಥಿರವಾದ ವಸ್ತುವಲ್ಲ. ಮನುಷ್ಯನ ಆಯುಷ್ಯದ ಅಳತೆಗೋಲಿನಿಂದ ಅಳೆದಾಗ ಮಾತ್ರ ಅದು ಸ್ಥಿರವಾಗಿ ತೋರುತ್ತದೆ. ಸಾವಿರಾರು ವರ್ಷಗಳ ಅಳತೆಗೋಲನ್ನು ಹಿಡಿದು ನೋಡಿದರೆ ಬಯಲು ಕೆರೆಯಾಗುತ್ತದೆ, ಕೆರೆ ಬಯಲಾಗುತ್ತದೆ, ಹುಲ್ಲುಗಾವಲು ಮರಳಾಗುತ್ತದೆ. ಅದರೊಡನೆ ಮನುಷ್ಯನೂ ತನ್ನ ಬಿಡಾರವನ್ನು ಬದಲಿಸುತ್ತಾನೆ.

ಆಫ್ರಿಕ ಖಂಡದ ಉತ್ತರ ಭಾಗವನ್ನು ಆವರಿಸಿರುವ ಸಹಾರಾ ಈ ಮಾತಿಗೆ ಬಹು ದೊಡ್ಡ ನಿದರ್ಶನ. ಅಟ್ಲಾಂಟಿಕ್ ಸಾಗರದಿಂದ ಕೆಂಪು ಸಮುದ್ರದವರೆಗೆ ಹಬ್ಬಿರುವ ಇದರ ವಿಸ್ತಾರ ಸುಮಾರು ೯೦ ಲಕ್ಷ ಚದರ ಕಿಲೋಮೀಟರು. ಎಂದರೆ ಭಾರತದಂತಹ ಎರಡೂವರೆ ದೇಶಗಳು ಇದರೊಳಗೆ ಹಿಡಿಸುತ್ತವೆ. ಇದರ ಬಹುಭಾಗದಲ್ಲಿ ವರ್ಷಕ್ಕೆ ೧೦೦ ಮಿಲಿಮೀಟರು ಮಳೆಯೂ ಬೀಳುವುದಿಲ್ಲ. ಇಂತಹ ಕಡೆ ಎಂಟು ಹತ್ತು ಸಾವಿರ ವರ್ಷಗಳ ಹಿಂದೆ ನದಿಗಳು ಹರಿಯುತ್ತಿದ್ದವು, ಕೆರೆಗಳಲ್ಲಿ ಮೊಸಳೆಗಳು ಈಜುತ್ತಿದ್ದವು, ದಂಡೆಯ ಮೇಲೆ ಮನುಷ್ಯರು ಮೀನು ಹಿಡಿಯುತ್ತ, ದನ ಮೇಯಿಸುತ್ತ ಸಂಸಾರ ಮಾಡಿಕೊಂಡಿದ್ದರು ಎಂದರೆ ಕಟ್ಟುಕತೆ ಎನಿಸೀತು. ಆದರೆ ಕಲ್ಲು, ಮೂಳೆ, ಮಡಕೆಯ ಬೋಕಿಗಳು ಈ ಮಾತಿಗೆ ಸಾಕ್ಷಿ ನುಡಿಯುತ್ತವೆ.

ಈ ಸಾಕ್ಷ್ಯವನ್ನು ಮೊದಲು ಸರಿಯಾಗಿ ಓದಿದವರಲ್ಲಿ ಹೈನ್ರಿಶ್ ಬಾರ್ಟ್ ಎಂಬ ಜರ್ಮನ್ ಪ್ರವಾಸಿಯ ಹೆಸರನ್ನು ನೆನೆಯಬೇಕು. ೧೮೫೦ರಲ್ಲಿ ಅವನು ಟ್ರಿಪೊಲಿಯಿಂದ ಹೊರಟು, ಇಂದಿನ ಲಿಬಿಯ ದೇಶದ ದಕ್ಷಿಣ ಭಾಗವನ್ನು ದಾಟುತ್ತಿದ್ದಾಗ ಕಣಿವೆಯೊಂದರ ಬಂಡೆಗಳ ಮೇಲೆ ಕೊರೆದ ಚಿತ್ರಗಳನ್ನು ಕಂಡನು. ಆ ಚಿತ್ರಗಳಲ್ಲಿ ದನಗಳಿದ್ದವು. ಒಂಟೆ ಒಂದಾದರೂ ಇರಲಿಲ್ಲ. ಬಾರ್ಟನ ಮನಸ್ಸು ಅಲ್ಲಿಯೇ ತಡೆದು ನಿಂತಿತು. ಒಂಟೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದ ಈ ನೆಲದಲ್ಲಿ ಚಿತ್ರ ಕೊರೆದವನಿಗೆ ಒಂಟೆಯೇ ಕಾಣಲಿಲ್ಲವೆ? ದಿನವೂ ನೀರು ಬೇಡುವ ಹಸು ಇಲ್ಲಿ ಬದುಕಿದ್ದಾದರೂ ಹೇಗೆ? ಚಿತ್ರ ಬರೆದ ಕಾಲದಲ್ಲಿ ಈ ಸೀಮೆಯ ಬದುಕೇ ಬೇರೆಯಾಗಿದ್ದಿರಬೇಕು ಎಂದು ಅವನು ತರ್ಕಿಸಿದನು. ಕಣ್ಣಿಗೆ ಕಂಡದ್ದನ್ನು ಬರೆದಿಡುವ ಪ್ರವಾಸಿಗಳು ಅನೇಕರಿದ್ದಾರೆ; ಕಾಣದೆ ಹೋದದ್ದು ಏನು ಎಂದು ಕೇಳಿಕೊಳ್ಳುವವರು ವಿರಳ.

ಬಾರ್ಟನ ಊಹೆಯನ್ನು ಮುಂದಿನ ಶೋಧಗಳು ಗಟ್ಟಿಗೊಳಿಸಿದವು. ೧೯೩೩ರಲ್ಲಿ ಹಂಗೆರಿಯ ಲಾಸ್ಲೊ ಅಲ್ಮಾಶಿ ಎಂಬ ಸಾಹಸಿ ಈಜಿಪ್ಟಿನ ನೈಋತ್ಯ ಮೂಲೆಯಲ್ಲಿರುವ ಗಿಲ್ಫ್ ಕಬೀರ್ ಪ್ರಸ್ಥಭೂಮಿಯಲ್ಲಿ ಒಂದು ಗುಹೆಯನ್ನು ಕಂಡನು. ಅದರ ಗೋಡೆಯ ಮೇಲೆ ಕೈಕಾಲು ಚಾಚಿ ಈಜುತ್ತಿರುವಂತೆ ತೋರುವ ಪುಟ್ಟ ಮನುಷ್ಯಾಕೃತಿಗಳಿದ್ದವು. ಅವು ನಿಜವಾಗಿ ಈಜುಗಾರರೇ, ಇಲ್ಲವೆ ಪರಲೋಕಕ್ಕೆ ತೇಲಿಹೋಗುವ ಮೃತರ ಕಲ್ಪನೆಯೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಲ್ಜೀರಿಯದ ತಸ್ಸಿಲಿ ಬೆಟ್ಟಗಳ ವಿಷಯದಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ. ೧೯೫೬ರಲ್ಲಿ ಫ್ರೆಂಚ್ ಶೋಧಕ ಆನ್ರಿ ಲೋಟ್ ತನ್ನ ತಂಡದೊಡನೆ ಅಲ್ಲಿಗೆ ಹೋಗಿ ನೂರಾರು ಚಿತ್ರಗಳ ಪ್ರತಿಗಳನ್ನು ತೆಗೆಸಿದನು. ಆ ಬೆಟ್ಟಗಳಲ್ಲಿ ಇರುವ ಚಿತ್ರಗಳ ಸಂಖ್ಯೆ ೧೫,೦೦೦ಕ್ಕೂ ಮಿಗಿಲು. ಆನೆ, ಖಡ್ಗಮೃಗ, ಜಿರಾಫೆ, ನೀರುಕುದುರೆ ಮೊದಲಾದ ಕಾಡುಪ್ರಾಣಿಗಳು ಅವುಗಳಲ್ಲಿ ಹಳೆಯ ಪದರಕ್ಕೆ ಸೇರಿದವು. ಅವುಗಳ ನಂತರ ಬಣ್ಣಬಣ್ಣದ ದನಗಳ ಮಂದೆಗಳು, ಹಟ್ಟಿಗಳು, ಹೆಂಗಸರು, ಮಕ್ಕಳು. ಆಮೇಲೆ ಕುದುರೆಗಳು ಬರುತ್ತವೆ. ಕಟ್ಟಕಡೆಗೆ ಒಂಟೆ ಬರುತ್ತದೆ. ನೆಲ ಒಣಗುತ್ತ ಹೋದ ಕಥೆಯನ್ನು ಅಲ್ಲಿನ ಜನ ತಮಗೆ ಅರಿವಿಲ್ಲದೆಯೇ ಬಂಡೆಯ ಮೇಲೆ ಅಧ್ಯಾಯ ಅಧ್ಯಾಯವಾಗಿ ಬರೆದಿಟ್ಟಿದ್ದಾರೆ. ೧೯೮೨ರಲ್ಲಿ ಈ ಬೆಟ್ಟಗಳನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಲಾಯಿತು.

ಚಿತ್ರಗಳನ್ನು ಮಾತ್ರ ನಂಬಬೇಕಾಗಿಲ್ಲ. ನೆಲವೇ ಬೇರೆ ಸಾಕ್ಷ್ಯಗಳನ್ನು ಒದಗಿಸಿದೆ. ೧೯೮೧ರಲ್ಲಿ ಕೊಲಂಬಿಯ ಎಂಬ ಬಾಹ್ಯಾಕಾಶ ನೌಕೆಯಿಂದ ಹೊಮ್ಮಿದ ರಾಡಾರ್ ಅಲೆಗಳು ಒಣ ಮರಳಿನೊಳಕ್ಕೆ ಇಳಿದು, ಈಜಿಪ್ಟ್ ಮತ್ತು ಸೂಡಾನ್ ದೇಶಗಳ ಗಡಿಯ ಮರಳುಗಾಡಿನ ಅಡಿಯಲ್ಲಿ ಹೂತುಹೋಗಿದ್ದ ನದಿಪಾತ್ರಗಳನ್ನು ತೋರಿಸಿಕೊಟ್ಟವು. ಸಹಾರಾದ ದಕ್ಷಿಣದ ಅಂಚಿನಲ್ಲಿರುವ ಚಾಡ್ ಸರೋವರ ಆ ಕಾಲದಲ್ಲಿ ಮೂರೂವರೆ ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿತ್ತು. ಇದು ಇಂದಿನ ಕರ್ನಾಟಕ ರಾಜ್ಯದ ಸುಮಾರು ಒಂದೂಮುಕ್ಕಾಲು ಪಟ್ಟಿನಷ್ಟಾಗುತ್ತದೆ. ೧೯೮೭ರಲ್ಲಿ ನೈಜೀರಿಯದ ಡುಫುನ ಎಂಬ ಹಳ್ಳಿಯ ಬಳಿ ದನಗಾಹಿಯೊಬ್ಬ ಬಾವಿ ತೋಡುತ್ತಿದ್ದಾಗ ಅವನ ಹಾರೆಗೆ ಗಟ್ಟಿಯಾದ ಮರವೊಂದು ತಾಗಿತು. ಅಗೆದು ನೋಡಿದಾಗ ಅದು ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ, ಎಂಟು ಮೀಟರಿಗೂ ಉದ್ದವಾದ ದೋಣಿ. ಅದರ ವಯಸ್ಸು ಸುಮಾರು ೮,೦೦೦ ವರ್ಷ. ದನಗಳಿಗೆ ನೀರು ಹುಡುಕುತ್ತಿದ್ದವನಿಗೆ ದೋಣಿ ಸಿಕ್ಕಿತು ಎಂಬ ಈ ಒಂದು ಸಂಗತಿಯಲ್ಲಿ ಆ ನಾಡಿನ ಹಿಂದು ಇಂದುಗಳೆರಡೂ ಅಡಕವಾಗಿವೆ.

ಹಾಗಾದರೆ ಮಳೆ ಬಂದದ್ದು ಏಕೆ, ಹೋದದ್ದು ಏಕೆ? ಇದಕ್ಕೆ ಉತ್ತರವನ್ನು ಆಕಾಶದಲ್ಲಿ ಹುಡುಕಬೇಕು. ಹುಡುಗರು ಆಡಿಸುವ ಬುಗುರಿ ತನ್ನ ಸುತ್ತ ತಾನು ತಿರುಗುತ್ತಿರುವಾಗಲೇ ಅದರ ತಲೆ ಮೆಲ್ಲಗೆ ವಾಲುತ್ತ ಇನ್ನೊಂದು ಸುತ್ತು ಹಾಕುವುದನ್ನು ಎಲ್ಲರೂ ನೋಡಿರುತ್ತಾರೆ. ಭೂಮಿಯೂ ಹಾಗೆಯೇ ತನ್ನ ಅಕ್ಷವನ್ನು ತೊನೆಸುತ್ತದೆ. ಇದರ ಫಲವಾಗಿ, ಸೂರ್ಯನಿಗೆ ಭೂಮಿ ಅತಿ ಸಮೀಪವಾಗುವ ಕಾಲ ಋತುವಿನಿಂದ ಋತುವಿಗೆ ಸರಿಯುತ್ತ ಹೋಗಿ, ಸುಮಾರು ೨೩,೦೦೦ ವರ್ಷಗಳಿಗೊಮ್ಮೆ ಮೊದಲಿನ ಜಾಗಕ್ಕೆ ಬರುತ್ತದೆ. ಈಗ ಈ ಸಾಮೀಪ್ಯ ಜನವರಿ ತಿಂಗಳಲ್ಲಿ ಒದಗುತ್ತದೆ. ಹನ್ನೊಂದು ಸಾವಿರ ವರ್ಷಗಳ ಹಿಂದೆ ಉತ್ತರಾರ್ಧಗೋಳದ ಬೇಸಿಗೆಯಲ್ಲಿ ಒದಗುತ್ತಿತ್ತು. ಆಗ ಅಲ್ಲಿನ ಬೇಸಿಗೆಯ ಬಿಸಿಲು ಇಂದಿಗಿಂತ ಶೇಕಡಾ ಏಳೆಂಟರಷ್ಟು ಪ್ರಖರವಾಗಿತ್ತು. ಬಿಸಿಲು ಹೆಚ್ಚಿದರೆ ನೆಲ ಇನ್ನಷ್ಟು ಒಣಗಬೇಕಲ್ಲವೆ ಎಂಬ ಪ್ರಶ್ನೆ ಸಹಜವಾದುದು. ಆದರೆ ನಮ್ಮ ಮುಂಗಾರನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ನೆಲ ಕಾದಷ್ಟೂ ಅದರ ಮೇಲಿನ ಗಾಳಿ ಹಗುರವಾಗಿ ಮೇಲಕ್ಕೇರುತ್ತದೆ. ಆ ಬರಿದಾದ ಎಡೆಯನ್ನು ತುಂಬಲು ಕಡಲಿನ ತೇವದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಪಶ್ಚಿಮ ಆಫ್ರಿಕದ ಮುಂಗಾರು ಹೀಗೆ ನೂರಾರು ಕಿಲೋಮೀಟರು ಉತ್ತರಕ್ಕೆ ಸರಿದು ಸಹಾರಾದ ನಡುಭಾಗವನ್ನು ತೊಯ್ಯಿಸಿತು. ಹುಲ್ಲು ಬೆಳೆದಂತೆ ನೆಲ ತೇವವನ್ನು ಹಿಡಿದಿಟ್ಟುಕೊಂಡಿತು. ತೇವ ಮತ್ತಷ್ಟು ಮಳೆಯನ್ನು ಕರೆಯಿತು. ಇದೇ ಕಾರಣದಿಂದ ನಮ್ಮ ದೇಶದ ಮಳೆಗಾಲವೂ ಆಗ ಬಲವಾಗಿತ್ತು. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಇಂದು ಬತ್ತಿರುವ ಲೂಣಕರಣಸರದಂತಹ ಸರೋವರಗಳಲ್ಲಿ ಆಗ ನೀರು ನಿಂತಿತ್ತು.

ಆ ಹಸುರು ಸಹಾರಾದಲ್ಲಿ ಬಾಳಿದವರು ಎಂತಹ ಜನ? ೨೦೦೦ದಲ್ಲಿ ಪಾಲ್ ಸೆರೆನೊ ಎಂಬ ಅಮೆರಿಕದ ವಿಜ್ಞಾನಿಯ ತಂಡ ನೈಜರ್ ದೇಶದ ಟೆನೆರೆ ಮರುಭೂಮಿಯಲ್ಲಿ ಅಳಿದುಹೋದ ದೈತ್ಯ ಪ್ರಾಣಿಗಳಾದ ಡೈನೋಸಾರ್‌ಗಳ ಮೂಳೆಗಳನ್ನು ಹುಡುಕುತ್ತಿದ್ದಿತು. ಗೊಬೆರೊ ಎಂಬಲ್ಲಿ ಅವರಿಗೆ ಗಾಳಿಯಿಂದ ಮರಳು ಸರಿದು ಹೊರಬಿದ್ದ ಮನುಷ್ಯರ ಎಲುಬುಗಳು ಕಂಡವು. ಅದು ಬತ್ತಿದ ಕೆರೆಯೊಂದರ ದಂಡೆ. ಅಲ್ಲಿ ಸುಮಾರು ೨೦೦ ಸಮಾಧಿಗಳಿದ್ದವು. ಅವುಗಳನ್ನು ಪರೀಕ್ಷಿಸಿದಾಗ, ಒಂದೇ ದಂಡೆಯ ಮೇಲೆ ಬೇರೆ ಬೇರೆ ಕಾಲಗಳಲ್ಲಿ ಎರಡು ಜನಾಂಗಗಳು ನೆಲೆಸಿದ್ದುದು ತಿಳಿದುಬಂದಿತು. ಮೊದಲಿನವರು ಆರಡಿಗೂ ಮೀರಿದ ಎತ್ತರದ, ಕಟ್ಟುಮಸ್ತಾದ ಬೇಟೆಗಾರರು. ಹಿಮ್ಮುಖವಾದ ಮುಳ್ಳುಗಳುಳ್ಳ ಮೂಳೆಯ ಈಟಿಗಳಿಂದ ದೊಡ್ಡ ದೊಡ್ಡ ಮೀನುಗಳನ್ನು ಅವರು ಚುಚ್ಚಿ ಹಿಡಿಯುತ್ತಿದ್ದರು. ಸುಮಾರು ೮,೦೦೦ ವರ್ಷಗಳ ಹಿಂದೆ ಮಳೆ ಕೈಕೊಟ್ಟು ಕೆರೆ ಬತ್ತಿತು. ಅವರು ಅಲ್ಲಿಂದ ಮರೆಯಾದರು. ಸಾವಿರ ವರ್ಷ ಕಳೆದು ಕೆರೆ ಮತ್ತೆ ತುಂಬಿದಾಗ ಬಂದವರು ಬೇರೆ ಮೈಕಟ್ಟಿನ ಜನ. ಮೀನು ಹಿಡಿಯುವುದರ ಜೊತೆಗೆ ದನಗಳನ್ನೂ ಸಾಕುತ್ತಿದ್ದವರು.

ಈ ಎರಡನೆಯ ಜನರ ಸಮಾಧಿಯೊಂದನ್ನು ಕಂಡವರಾರೂ ಮರೆಯಲಾರರು. ಅದರಲ್ಲಿ ಒಬ್ಬ ಹೆಂಗಸು ಮತ್ತು ಇಬ್ಬರು ಎಳೆಯ ಮಕ್ಕಳು ಎದುರುಬದುರಾಗಿ ಪಕ್ಕಕ್ಕೆ ಮಲಗಿದ್ದಾರೆ. ಮಕ್ಕಳ ಕೈಗಳು ಆಕೆಯತ್ತ ಚಾಚಿವೆ, ಆಕೆಯ ಕೈ ಅವರತ್ತ ಚಾಚಿದೆ. ಬೆರಳುಗಳು ಒಂದರೊಡನೊಂದು ಹೆಣೆದುಕೊಂಡಿವೆ. ಅವರ ಕೆಳಗಿನ ಮಣ್ಣಿನಲ್ಲಿ ಹೂವಿನ ಪರಾಗ ಸಿಕ್ಕಿರುವುದರಿಂದ ಅವರನ್ನು ಹೂವಿನ ಹಾಸಿನ ಮೇಲೆ ಮಲಗಿಸಿದ್ದಿರಬೇಕೆಂದು ಶೋಧಕರು ಊಹಿಸಿದ್ದಾರೆ. ಇದು ನಡೆದದ್ದು ಸುಮಾರು ೫,೩೦೦ ವರ್ಷಗಳ ಹಿಂದೆ. ಅಕ್ಷರ ಬಾರದ, ಊರು ಕಟ್ಟದ, ಹೆಸರೂ ಉಳಿಯದ ಒಂದು ಜನ ತಮ್ಮವರ ಸಾವಿಗೆ ಹೀಗೆ ದುಃಖಿಸಿದರು. ಅವರನ್ನು ಕಾಡುಜನರೆಂದು ಕರೆಯಲು ಯಾರಿಗೆ ನಾಲಗೆ ಬಂದೀತು?

ಅವರ ಬಾಳ್ವೆಯಲ್ಲಿ ಜಾಣ್ಮೆಗೂ ಕೊರತೆಯಿರಲಿಲ್ಲ. ಲಿಬಿಯದ ತಾಡ್ರಾರ್ಟ್ ಅಕಾಕುಸ್ ಬೆಟ್ಟಗಳಲ್ಲಿರುವ ತಕರ್ಕೊರಿ ಎಂಬ ಕಲ್ಲಾಸರೆಯಲ್ಲಿ ದೊರೆತ ಮಡಕೆಯ ಚೂರುಗಳನ್ನು ಪರೀಕ್ಷಿಸಿದಾಗ ಅವುಗಳ ಮೈಯಲ್ಲಿ ಹಾಲಿನ ಜಿಡ್ಡು ಇಂಗಿರುವುದು ಪತ್ತೆಯಾಯಿತು. ಏಳು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಹೈನು ಇದ್ದಿತೆಂಬುದು ೨೦೧೨ರಲ್ಲಿ ಹೀಗೆ ಪ್ರಕಟವಾಯಿತು. ಅದೇ ಕಲ್ಲಾಸರೆಯಲ್ಲಿ ಒಣಗಿ ಉಳಿದಿದ್ದ, ಏಳು ಸಾವಿರ ವರ್ಷಗಳಷ್ಟು ಹಳೆಯ ಇಬ್ಬರು ಸ್ತ್ರೀಯರ ದೇಹಗಳಿಂದ ಆನುವಂಶಿಕ ಧಾತುವನ್ನು ತೆಗೆದು ಓದಿದ ವಿಜ್ಞಾನಿಗಳು ತಮ್ಮ ಫಲಿತಾಂಶವನ್ನು ೨೦೨೫ರಲ್ಲಿ ಹೊರತಂದರು. ಆ ಸ್ತ್ರೀಯರು ಬಹು ಹಿಂದೆಯೇ ಬೇರೆಯಾಗಿ ಉತ್ತರ ಆಫ್ರಿಕದಲ್ಲಿ ನೆಲೆನಿಂತಿದ್ದ ಒಂದು ಪ್ರತ್ಯೇಕ ವಂಶದವರು ಎಂದು ತಿಳಿಯಿತು. ದನ ಸಾಕುವ ವಿದ್ಯೆ ಅವರಲ್ಲಿಗೆ ಬಂದದ್ದು ಹೊಸಬರು ಹಳಬರನ್ನು ಓಡಿಸಿದ್ದರಿಂದ ಅಲ್ಲ, ಹಳಬರು ಹೊಸ ವಿದ್ಯೆಯನ್ನು ಕಲಿತದ್ದರಿಂದ ಎಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿದೆ. ಈಜಿಪ್ಟಿನ ಅಬು ಸಿಂಬೆಲ್‌ನಿಂದ ಪಶ್ಚಿಮಕ್ಕೆ ಸುಮಾರು ೧೦೦ ಕಿಲೋಮೀಟರು ದೂರದಲ್ಲಿರುವ ನಬ್ಟಾ ಎಂಬ ತಗ್ಗಿನಲ್ಲಿ ದನಗಾಹಿಗಳು ಆಳವಾದ ಬಾವಿಗಳನ್ನು ತೋಡಿದ್ದರು, ಕಾಡುಜೋಳದ ಕಾಳುಗಳನ್ನು ಆಯ್ದು ತಂದಿದ್ದರು, ಹಸುವನ್ನು ಶ್ರದ್ಧೆಯಿಂದ ಹೂಳಿದ್ದರು, ಕಲ್ಲುಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದರು. ಆ ಕಲ್ಲುಗಳು ಪಿರಮಿಡ್ಡುಗಳಿಗಿಂತ ಎಷ್ಟೋ ಶತಮಾನ ಹಳೆಯವು.

ಆದರೆ ಬುಗುರಿ ವಾಲುವುದನ್ನು ನಿಲ್ಲಿಸಲಿಲ್ಲ. ಬೇಸಿಗೆಯ ಬಿಸಿಲು ವರ್ಷ ವರ್ಷಕ್ಕೂ ತಿಳಿಯದಷ್ಟು ಮೆಲ್ಲಗೆ ಕುಂದುತ್ತ ಬಂದು, ಮುಂಗಾರು ದಕ್ಷಿಣಕ್ಕೆ ಹಿಮ್ಮೆಟ್ಟಿತು. ಐದೂವರೆ ಸಾವಿರ ವರ್ಷಗಳ ಹಿಂದಿನ ವೇಳೆಗೆ ಸಹಾರಾದ ಬಹುಭಾಗ ಒಣಗಿತು. ಅಟ್ಲಾಂಟಿಕ್ ಸಾಗರದ ತಳದ ಕೆಸರಿನಲ್ಲಿ ಆ ಕಾಲದ ಪದರದಿಂದ ಮೇಲಕ್ಕೆ ಮರುಭೂಮಿಯ ಧೂಳು ಒಮ್ಮೆಗೇ ಹೆಚ್ಚುವುದು ಕಂಡುಬಂದಿದೆ. ಚಾಡ್ ದೇಶದ ಯೋವ ಸರೋವರದ ಕೆಸರಾದರೋ ಬದಲಾವಣೆ ನಿಧಾನವಾಗಿ ನಡೆಯಿತೆಂದು ಹೇಳುತ್ತದೆ. ಬೇಗನೆ ಒಣಗಿತೇ, ನಿಧಾನವಾಗಿ ಒಣಗಿತೇ ಎಂಬುದು ಒಂದೊಂದು ಸೀಮೆಗೆ ಒಂದೊಂದು ಬಗೆಯಾಗಿದ್ದಿರಬಹುದು. ಮೇವಿಲ್ಲದ ಹಸುವಿನ ಮುಂದೆ ನಿಂತ ದನಗಾಹಿಗೆ ಎರಡೂ ಒಂದೇ ಆಗಿದ್ದವು.

ಇಲ್ಲಿ ಒಂದು ಆರೋಪವನ್ನು ವಿಚಾರ ಮಾಡಬೇಕು. ದನ, ಆಡು, ಕುರಿಗಳನ್ನು ಮಿತಿಮೀರಿ ಮೇಯಿಸಿ ಆ ಜನರೇ ತಮ್ಮ ನೆಲವನ್ನು ಮರುಭೂಮಿ ಮಾಡಿಕೊಂಡರು ಎಂಬ ವಾದ ಹಿಂದಿನಿಂದಲೂ ಇದೆ. ೨೦೧೭ರಲ್ಲಿ ಡೇವಿಡ್ ರೈಟ್ ಎಂಬ ಪುರಾತತ್ತ್ವಜ್ಞ, ಹಸುರು ಅಳಿದುದರಲ್ಲಿ ದನಗಾಹಿಗಳ ಪಾತ್ರವೂ ಇರಬಹುದೆಂದು ಬರೆದನು. ಮರುವರ್ಷವೇ ಬೇರೆ ಮೂವರು ವಿದ್ವಾಂಸರು ಇದಕ್ಕೆ ಪ್ರತಿಯಾದ ಮಾತನ್ನು ಮುಂದಿಟ್ಟರು. ಗಣಿತದ ಲೆಕ್ಕಾಚಾರದ ಪ್ರಕಾರ ಹಸುರು ಸಹಾರಾ ಇನ್ನೂ ಐನೂರು ವರ್ಷಗಳ ಮೊದಲೇ ಮುಗಿಯಬೇಕಾಗಿತ್ತು. ಮಂದೆಯನ್ನು ಒಂದೇ ಕಡೆ ನಿಲ್ಲಿಸದೆ ಮೇವು ನೋಡಿಕೊಂಡು ತಿರುಗಾಡಿಸುತ್ತಿದ್ದವರ ಜಾಣ್ಮೆಯೇ ಅದನ್ನು ಅಷ್ಟು ಕಾಲ ಉಳಿಸಿರಬಹುದು ಎಂಬುದು ಅವರ ಅಭಿಮತ. ಈ ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು ನಿಶ್ಚಿತ: ಮೂಲ ಕಾರಣ ಭೂಮಿಯ ತೊನೆದಾಟ; ಅದನ್ನು ತಡೆಯುವ ಶಕ್ತಿ ಯಾವ ದನಗಾಹಿಗೂ ಇರಲಿಲ್ಲ. ಬರಗಾಲ ಬಂದಾಗ ಅದಕ್ಕೆ ಬಲಿಯಾದವರನ್ನೇ ಅಪರಾಧಿಗಳೆಂದು ಕರೆಯುವುದು ಬಹಳ ಹಳೆಯ ಚಾಳಿ. ವಿದ್ಯಾವಂತರು ಆ ಚಾಳಿಯಿಂದ ದೂರವಿರುವುದು ಒಳ್ಳೆಯದು.

ನೆಲ ಒಣಗಿದಾಗ ಆ ಜನ ಎಲ್ಲಿಗೆ ಹೋದರು? ನೀರು ಹೋದ ಕಡೆ ಹೋದರು. ಕೆಲವರು ಎತ್ತರದ ಬೆಟ್ಟಗಳ ತಂಪಿನಲ್ಲಿಯೂ, ಓಯಸಿಸ್‌ಗಳ ಆಸರೆಯಲ್ಲಿಯೂ ಉಳಿದುಕೊಂಡರು. ಕೆಲವರು ಹಿಂಜರಿಯುವ ಮುಂಗಾರಿನ ಬೆನ್ನು ಹತ್ತಿ ದಕ್ಷಿಣಕ್ಕೆ ಇಳಿದರು. ಮತ್ತೆ ಕೆಲವರು ಪೂರ್ವಕ್ಕೆ ನಡೆದು ನೈಲ್ ನದಿಯ ದಂಡೆಯನ್ನು ಸೇರಿದರು. ರುಡಾಲ್ಫ್ ಕೂಪರ್ ಮತ್ತು ಸ್ಟೆಫಾನ್ ಕ್ರೊಪೆಲಿನ್ ಎಂಬ ಜರ್ಮನ್ ವಿದ್ವಾಂಸರು ಈಜಿಪ್ಟ್ ಮತ್ತು ಸೂಡಾನ್ ಭಾಗದ ಸಹಾರಾದಲ್ಲಿ ದೊರೆತ ನೆಲೆಗಳ ಕಾಲವನ್ನು ಒಂದೊಂದಾಗಿ ಗುರುತಿಸಿ ೨೦೦೬ರಲ್ಲಿ ಪ್ರಕಟಿಸಿದರು. ಕ್ರಿ.ಪೂ. ೫೩೦೦ರ ನಂತರ ಮರುಭೂಮಿಯ ನೆಲೆಗಳು ವಿರಳವಾಗುತ್ತ ಹೋದಂತೆಲ್ಲ ನೈಲ್ ಕಣಿವೆಯ ನೆಲೆಗಳು ಹೆಚ್ಚುತ್ತ ಹೋದುದು ಅದರಿಂದ ಸ್ಪಷ್ಟವಾಯಿತು. ಕ್ರಿ.ಪೂ. ೩೧೦೦ರ ಸುಮಾರಿಗೆ ಅದೇ ಕಣಿವೆಯಲ್ಲಿ ಫೇರೋಗಳ ರಾಜ್ಯ ಉದಯಿಸಿತು. ಹಸುವಿನ ಕೊಂಬುಗಳನ್ನು ಧರಿಸಿದ ಹಾಥೋರ್ ದೇವಿಯ ಆರಾಧನೆಯ ಬೇರುಗಳನ್ನು ಮರುಭೂಮಿಯ ದನಗಾಹಿಗಳ ನಂಬಿಕೆಯಲ್ಲಿ ಹುಡುಕುವ ವಿದ್ವಾಂಸರೂ ಇದ್ದಾರೆ.

ದಕ್ಷಿಣಕ್ಕೆ ಇಳಿದವರ ಋಣ ಇನ್ನೂ ಹತ್ತಿರದ್ದು. ಸಹಾರಾದ ದಕ್ಷಿಣದ ಅಂಚಿನಲ್ಲಿ, ಮಾಲಿ ದೇಶದ ತಿಲೆಮ್ಸಿ ಕಣಿವೆಯಲ್ಲಿ ದನಗಾಹಿಗಳು ಸುಮಾರು ೪,೫೦೦ ವರ್ಷಗಳ ಹಿಂದೆ ಸಜ್ಜೆಯನ್ನು ಬೆಳೆಯುತ್ತಿದ್ದ ಕುರುಹುಗಳು ಸಿಕ್ಕಿವೆ. ಪೂರ್ವ ಸೂಡಾನಿನಲ್ಲಿ ಅದಕ್ಕೂ ಹಿಂದೆಯೇ ಕಾಡುಜೋಳ ಬೇಸಾಯದ ಜೋಳವಾಗುತ್ತಿದ್ದುದನ್ನು ಮಡಕೆಯ ಮಣ್ಣಿನಲ್ಲಿ ಉಳಿದ ಹೊಟ್ಟಿನ ಅಚ್ಚುಗಳು ತೋರಿಸಿವೆ. ಈ ಧಾನ್ಯಗಳು ಕೈಯಿಂದ ಕೈಗೆ, ಕಡಲಿನಿಂದ ಕಡಲಿಗೆ ದಾಟಿ ಭಾರತಕ್ಕೆ ಬಂದವು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರಿನಲ್ಲಿ ನವಶಿಲಾಯುಗದ ದನಗಾಹಿಗಳ ನೆಲೆಯೊಂದಿದೆ. ಆಫ್ರಿಕ ಮೂಲದ ಸಜ್ಜೆ ಮತ್ತು ಅವರೆಯ ಕಾಳುಗಳು, ಸುಮಾರು ಮೂರೂವರೆ ಸಾವಿರ ವರ್ಷ ಹಳೆಯವು, ಅಲ್ಲಿ ದೊರೆತಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇಂದು ಬಡಿಯುವ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವರೆಕಾಳಿನ ಸಾರು ಇವುಗಳ ಹಿಂದೆ ಒಣಗುತ್ತಿದ್ದ ಹುಲ್ಲುಗಾವಲಿನಿಂದ ಹೊರಟು ನಡೆದವರ ಕೈಗುಣವಿದೆ. ಕಡಿಮೆ ಮಳೆಯಲ್ಲಿ ಬದುಕುವ ಪಾಠವನ್ನು ಆ ಧಾನ್ಯಗಳು ಕಲಿತದ್ದು ಅಂತಹ ನೆಲದಲ್ಲಿಯೇ.

ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನೆಲೆನಿಂತವರ ಪಕ್ಷಪಾತಿಗಳು. ಕೋಟೆ ಕಟ್ಟಿದವರು, ಗುಡಿ ಕಟ್ಟಿದವರು, ಶಾಸನ ಬರೆಸಿದವರು ಅವರ ಕಣ್ಣಿಗೆ ದೊಡ್ಡವರು. ನಡೆದು ಹೋದವರು ಹಿಂದೆ ಬಿಟ್ಟದ್ದು ಹೆಜ್ಜೆಯ ಗುರುತು, ಒಲೆಯ ಬೂದಿ, ಒಡೆದ ಮಡಕೆ ಇಷ್ಟೇ ಆದ್ದರಿಂದ ಅವರಿಗೆ ಅಲೆಮಾರಿಗಳು ಎಂಬ ಹೆಸರು ಬಂದಿತು. ಆ ಹೆಸರಿಗೆ ತಾತ್ಸಾರವೂ ಅಂಟಿಕೊಂಡಿತು. ಪಿರಮಿಡ್ಡುಗಳಂತಹ ಅದ್ಭುತಗಳನ್ನು ನೆಲೆನಿಂತವರಲ್ಲದೆ ಬೇರೆ ಯಾರು ಕಟ್ಟಿಯಾರು ಎಂದು ಕೇಳಬಹುದು. ಈ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ನೈಲ್ ದಂಡೆಯಲ್ಲಿ ನೆಲೆನಿಂತವರಲ್ಲಿ ಹಲವರ ಪೂರ್ವಜರು ನೆಲೆ ತಪ್ಪಿ ಬಂದವರೇ ಆಗಿದ್ದರು ಎಂಬುದನ್ನು ಮರೆಯಬಾರದು. ಗುಳೆ ಹೊರಟವನು ಹೇಡಿಯಲ್ಲ. ಮಕ್ಕಳನ್ನೂ ಮಂದೆಯನ್ನೂ ಉಳಿಸಿಕೊಳ್ಳಲು ಅವನು ಹಿಡಿಯುವ ದಾರಿ ಮನುಷ್ಯಕುಲ ಕಂಡುಕೊಂಡ ಬದುಕಿನ ಉಪಾಯಗಳಲ್ಲಿ ಅತ್ಯಂತ ಪುರಾತನವಾದುದು.

ಹಾಗೆಂದು ಅವರ ಪಯಣ ಸುಖದ ಪಯಣವಾಗಿತ್ತೆಂದು ಭಾವಿಸುವುದು ತಪ್ಪು. ಸೂಡಾನಿನ ಉತ್ತರದ ಗಡಿಯಲ್ಲಿ, ಇಂದು ಅಣೆಕಟ್ಟಿನ ನೀರಿನಲ್ಲಿ ಮುಳುಗಿರುವ ಜೆಬೆಲ್ ಸಹಾಬ ಎಂಬಲ್ಲಿ ೧೩,೦೦೦ ವರ್ಷಗಳಿಗೂ ಹಿಂದಿನ ಸ್ಮಶಾನವೊಂದಿತ್ತು. ಅಲ್ಲಿ ದೊರೆತ ೬೧ ಅಸ್ಥಿಪಂಜರಗಳಲ್ಲಿ ಮೂರರಲ್ಲಿ ಎರಡು ಪಾಲಿನ ಮೈಯಲ್ಲಿ ಗಾಯದ ಗುರುತುಗಳಿವೆ. ಹೆಂಗಸರನ್ನೂ ಮಕ್ಕಳನ್ನೂ ಬಾಣಗಳು ಬಿಟ್ಟಿಲ್ಲ. ಹಸುರು ಕಾಲ ಬರುವುದಕ್ಕೆ ಮುಂಚೆ, ಸುತ್ತಲೂ ನೆಲ ಒಣಗಿ ಜನರೆಲ್ಲ ಒಂದೇ ನದಿಯ ಇಕ್ಕೆಲಗಳಲ್ಲಿ ಕಿಕ್ಕಿರಿದಿದ್ದಾಗ ನಡೆದ ಹೊಡೆದಾಟಗಳ ಕುರುಹು ಇದಾಗಿರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ಒಂದು ಕಡೆ ನಬ್ಟಾದಲ್ಲಿ ಕೂಡಿ ತೋಡಿದ ಬಾವಿ, ಇನ್ನೊಂದು ಕಡೆ ಜೆಬೆಲ್ ಸಹಾಬದಲ್ಲಿ ಎಲುಬಿಗೆ ನಾಟಿದ ಬಾಣ. ನೀರು ಕಡಿಮೆಯಾದಾಗ ಮನುಷ್ಯನ ಮುಂದೆ ಇವೆರಡೂ ದಾರಿಗಳಿರುತ್ತವೆ. ಯಾವುದನ್ನು ಹಿಡಿಯಬೇಕೆಂಬುದನ್ನು ಮಳೆ ನಿರ್ಧರಿಸುವುದಿಲ್ಲ, ಮನುಷ್ಯ ನಿರ್ಧರಿಸುತ್ತಾನೆ.

ಈ ಆಯ್ಕೆ ಹಳೆಯ ಕಾಲಕ್ಕೆ ಮುಗಿದುಹೋದ ಸಂಗತಿಯೂ ಅಲ್ಲ. ೧೯೬೩ರಲ್ಲಿ ಸುಮಾರು ೨೫,೦೦೦ ಚದರ ಕಿಲೋಮೀಟರು ಹರಡಿದ್ದ ಚಾಡ್ ಸರೋವರ ೧೯೮೦ರ ದಶಕದ ಬರಗಾಲದಲ್ಲಿ ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆಯಾಗಿ ಕುಗ್ಗಿತು. ಆಮೇಲೆ ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡಿತಾದರೂ ಹಿಂದಿನ ವೈಭವ ಮರಳಲಿಲ್ಲ. ಅದರ ದಂಡೆಯ ಬೆಸ್ತರೂ ದನಗಾಹಿಗಳೂ ರೈತರೂ ಇಂದು ಚದುರಿಹೋಗುತ್ತಿದ್ದಾರೆ. ಅವರ ಪೂರ್ವಿಕರಿಗೆ ಇಲ್ಲದಿದ್ದ ಒಂದು ಅಡ್ಡಿ ಇವರಿಗಿದೆ. ಆ ಸರೋವರದ ಸುತ್ತಲೇ ನಾಲ್ಕು ದೇಶಗಳ ಗಡಿಗಳಿವೆ. ಅಂದಿನ ದನಗಾಹಿ ಮೋಡವನ್ನು ನೋಡಿಕೊಂಡು ನಡೆದನು. ಇಂದಿನವನು ಮೋಡದ ಜೊತೆಗೆ ಕಾವಲುಗಾರನನ್ನೂ ನೋಡಬೇಕು. ೨೦೧೩ರ ಅಕ್ಟೋಬರಿನಲ್ಲಿ ನೈಜರ್ ದೇಶದಿಂದ ಅಲ್ಜೀರಿಯದತ್ತ ಹೊರಟಿದ್ದ ೯೨ ಮಂದಿ ವಾಹನ ಕೆಟ್ಟು ನಿಂತದ್ದರಿಂದ ಮರುಭೂಮಿಯ ನಡುವೆ ಬಾಯಾರಿ ಸತ್ತರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಗೊಬೆರೊದ ತಾಯಿಮಕ್ಕಳಂತಿರುವ ಆ ಮೂವರು ಮಲಗಿದ್ದುದು ಅದೇ ದೇಶದ ಮಣ್ಣಿನಲ್ಲಿ. ಅವರಿಗಾದರೆ ಹೂವಿನ ಹಾಸಿಗೆ ದೊರೆಯಿತು.

ಇಂದು ಮಳೆ ಏರುಪೇರಾಗುತ್ತಿರುವುದಕ್ಕೂ ಅಂದಿನ ಬದಲಾವಣೆಗೂ ಇನ್ನೊಂದು ಅಂತರವಿದೆ. ಅಂದು ತೊನೆದದ್ದು ಭೂಮಿ. ಇಂದು ವಾತಾವರಣವನ್ನು ಕಾಯಿಸುತ್ತಿರುವುದು ಮನುಷ್ಯ ಉರಿಸುವ ಕಲ್ಲಿದ್ದಲು ಮತ್ತು ಎಣ್ಣೆ. ಹೆಚ್ಚು ಉರಿಸುವವರು ಒಂದು ಕಡೆ, ಅದರ ಬಿಸಿಯನ್ನು ಉಣ್ಣುವವರು ಇನ್ನೊಂದು ಕಡೆ. ಹಸುರು ಕಾಲದ ಮಳೆ ಮತ್ತು ಅದಕ್ಕೂ ಹಿಂದಿನ ಮಳೆಗಳು ನೆಲದೊಳಕ್ಕೆ ಇಂಗಿ ಸಹಾರಾದ ಕಲ್ಲಿನ ಪದರಗಳಲ್ಲಿ ಅಪಾರವಾದ ನೀರು ಶೇಖರವಾಗಿದೆ. ಲಿಬಿಯ ದೇಶ ೧೯೮೪ರಲ್ಲಿ ಕೆಲಸ ಆರಂಭಿಸಿ, ದೊಡ್ಡ ದೊಡ್ಡ ಕೊಳವೆಗಳ ಮೂಲಕ ಆ ನೀರನ್ನು ಕಡಲ ತೀರದ ಪಟ್ಟಣಗಳಿಗೆ ಹರಿಸಿತು. ಬಾಯಾರಿದವರಿಗೆ ನೀರು ಕೊಡುವುದು ತಪ್ಪೆಂದು ಯಾರೂ ಹೇಳಲಾರರು. ಆದರೆ ಅದು ಮತ್ತೆ ತುಂಬದ ಕಣಜ. ಪೂರ್ವಿಕರು ಕೂಡಿಟ್ಟ ಕಾಳನ್ನು ಬಿತ್ತನೆಗೂ ಉಳಿಸದೆ ಉಣ್ಣುವ ಮನೆತನಕ್ಕೆ ಆಗುವ ಗತಿಯನ್ನು ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆಳವಾದ ಕೊಳವೆಬಾವಿಗಳನ್ನು ಕೊರೆಯುತ್ತಿರುವ ಎಲ್ಲ ನಾಡುಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದ್ದೆ.

ಸಾವಿರಾರು ವರ್ಷಗಳ ಮುಂದೆ ಭೂಮಿಯ ಅಕ್ಷ ಮತ್ತೆ ಹಳೆಯ ಜಾಗಕ್ಕೆ ಬಂದಾಗ ಸಹಾರಾದಲ್ಲಿ ಹುಲ್ಲು ಚಿಗುರೀತು. ಅಲ್ಲಿಯವರೆಗೂ ಕಾಯುವ ಆಯುಷ್ಯ ಯಾರಿಗೂ ಇಲ್ಲ. ಆದರೆ ಮಳೆ ತಪ್ಪಿದ ಊರಿನಿಂದ ಗಂಟುಮೂಟೆ ಹೊತ್ತು ಬಂದವನು ಊರ ಬಾಗಿಲಿನಲ್ಲಿ ನಿಂತಾಗ ಅವನಿಗೆ ಒಂದು ಚೆಂಬು ನೀರು ಕೊಡುವುದಕ್ಕೆ ಅಷ್ಟು ದೀರ್ಘವಾದ ಆಯುಷ್ಯ ಬೇಕಾಗಿಲ್ಲ. ಹಾಗೆ ಬಂದವನನ್ನು ಹೊರಗಿನವನೆಂದು ಹಂಗಿಸುವ ಮುನ್ನ, ತನ್ನ ತಟ್ಟೆಯಲ್ಲಿರುವ ರೊಟ್ಟಿ ಎಲ್ಲಿಂದ ಹೊರಟು, ಎಷ್ಟು ಜನರ ಕೈ ದಾಟಿ ಬಂದಿತೆಂಬುದನ್ನು ಪ್ರತಿಯೊಬ್ಬನೂ ಒಮ್ಮೆ ನೆನೆದುಕೊಳ್ಳಬೇಕು.